ಅತ್ತಿಗೆಯ ಕಾಜ

ಅತ್ತಿಗೆ ಹೊಲಿಯುವ ಕಾಜಕ್ಕೆ ಆ ಬೀದಿಯಲ್ಲಿ ಎಂಥ ಹೆಸರೆಂದರೆ, ಬೇರೆ ದರ್ಜಿಗಳ ಹತ್ತಿರ ಕೋಟು ಹೊಲಿಸಿಕೊಂಡವರೂ ಗುಂಡಿಯ ತೂತಿಗೆ ಮಾತ್ರ ಇವರ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಕಾಜವನ್ನೂ ಬಿಚ್ಚಿ ಮತ್ತೆ ಹೊಲಿದವರಲ್ಲ. ಈ ಮಾತನ್ನು ಅವರೇ ದಿನಕ್ಕೆರಡು ಸಲ ಹೇಳುತ್ತಿದ್ದರು. ಹೋಗಲಿ ಬಿಡಿ, ಹೇಳಿಕೊಳ್ಳುವಂಥದ್ದೇ.

ನಾದಿನಿಯ ಹೆಮ್ಮೆಯೇ ಬೇರೆ. ಅಳತೆಯ ಪುಸ್ತಕಗಳನ್ನೆಲ್ಲ ಅಟ್ಟಕ್ಕೇರಿಸಿ ಅಂಗಡಿಗೆ ಟ್ಯಾಬ್ಲೆಟ್ ತಂದವಳು ಅವಳು. ಕೋಟಿನ ಚಿತ್ರವನ್ನೂ ಅದರ ಗಾಜಿನ ಮೇಲೆಯೇ ಬರೆಯುತ್ತಿದ್ದಳು. "ಏನೇ ಇದು ನಿನ್ನ ಹಲಗೆ" ಎಂದು ಅತ್ತಿಗೆ ಮೊದಮೊದಲು ಮೂಗು ಮುರಿದರು. ಆಮೇಲೆ ಮನಸ್ಸು ಕರಗಿ ಅದಕ್ಕೊಂದು ದಪ್ಪ ಬಟ್ಟೆಯ ಗವಸು ಹೊಲಿದರು. ಮುಂದೆ ಗಾಜಿನಷ್ಟೇ ಜಾಗ ಬಿಟ್ಟು ನಾಲ್ಕೂ ಅಂಚು ಹೊಲಿದೇ ಮುಚ್ಚಿದರು, ಚಾರ್ಜರಿನ ತಂತಿಗೆಂದು ಕೆಳಗೊಂದು ಕಾಜ ಮಾಡಿದರು.

ಈಗ ಆ ಟ್ಯಾಬ್ಲೆಟ್ ನೆಟ್ ಹಿಡಿಯುವುದನ್ನು ಬಿಟ್ಟು ವಾರವಾಗಿತ್ತು. ಬ್ಯಾಂಡ್ ತಂಡದ ನಲವತ್ತೊಂದು ಕೋಟುಗಳ ಚಿತ್ರ ಇವತ್ತು ಹನ್ನೆರಡು ಗಂಟೆಯೊಳಗೆ ತಂಡದ ಮ್ಯಾನೇಜರಿಗೆ ಹೋಗಬೇಕಿತ್ತು. ಫೋನಿನಲ್ಲಿ ಫೋಟೊ ಹೊಡೆದು ಕಳಿಸಿದ್ದಾಯಿತು. "ಬರೀ ಮಬ್ಬು, ಒಂದು ಗೆರೆನೂ ಕಾಣಲ್ಲ" ಎಂದು ಆತ ತಳ್ಳಿಹಾಕಿದ್ದ. ಹೋಗದಿದ್ದರೆ ಕೆಲಸ ಎದುರಿನ ದೊಡ್ಡ ಅಂಗಡಿಗೆ. ನಾದಿನಿ ತಾನೇ ಬರೆದ ಕೋಟು ಜನರ ಮೈಮೇಲೆ ಬರಬೇಕಾದದ್ದು ಇದೇ ಮೊದಲು. ಕೈತಪ್ಪಿದರೆ ಅಟ್ಟದ ಪುಸ್ತಕಗಳು ಕೆಳಗಿಳಿಯುತ್ತವೆ, ತಾನು ಮತ್ತೆ ಗುಂಡಿ ಹಚ್ಚಲು ಕೂರಬೇಕಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಅವಳು ತಲೆಯ ಮೇಲೆ ಕೈಹೊತ್ತು ಕೂರುವವಳಲ್ಲ. "ಮೂಲೆಯ ಕಂಪ್ಯೂಟರಿಗೆ ನೆಟ್ ಇದೆ, ಕೇಬಲ್ ತಂದಿದ್ದೀನಿ. ಒಂದು ತುದಿ ಅಲ್ಲಿ, ಒಂದು ತುದಿ ಇಲ್ಲಿ. ಅಷ್ಟೇ ಅತ್ತಿಗೆ!" ಎಂದು ಸಿಕ್ಕಿಸಿದಳು.

ಜಪ್ಪಯ್ಯ ಅಂದರೂ ಕಂಪ್ಯೂಟರಿನಲ್ಲಿ ಏನೂ ಕಾಣಲಿಲ್ಲ. ಟ್ಯಾಬ್ಲೆಟ್ಟಿನ ಮೇಲೆ ಚಾರ್ಜಿನ ಗುರುತು ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಕಂಪ್ಯೂಟರಿನ ಕಡೆ ಬೇರೆ ತೂತಿಗೆ ಹಾಕಿದಳು, ಎರಡನ್ನೂ ಆರಿಸಿ ಹಚ್ಚಿದಳು. ಗಡಿಯಾರ ಹನ್ನೊಂದು ದಾಟಿತು.

"ಇಸ್ತ್ರಿಪೆಟ್ಟಿಗೆ ತರಲಾ? ಒಂದು ಸಲ ಬಿಸಿ ಮುಟ್ಟಿಸಿದ್ರೆ ಎಲ್ಲ ನೆಟ್ಟಗಾಗುತ್ತೆ" ಎಂದ ಅಂಗಡಿಯಲ್ಲೇ ಬಟ್ಟೆ ಉಜ್ಜುತ್ತಿದ್ದ ಇಸ್ತ್ರಿ ಅಣ್ಣ.

"ನಿಮ್ಮ ಬಾಯಿಗೇ ಮುಟ್ಟಿಸ್ತೀನಿ, ಸುಮ್ನಿರಿ ಅಣ್ಣ!" ಎಂದು ನಾದಿನಿ ಗದರಿದಳು.

"ಪುಸ್ತಕ ಇದ್ದಿದ್ರೆ ಈ ಪಾಡು ಇತ್ತೇನೇ?" ಎಂದರು ಅತ್ತಿಗೆ. ನಾದಿನಿಗೆ ಚುರುಕ್ಕೆಂದಿತು. ಕೇಬಲ್ ಎಳೆದು ಕಣ್ಣ ಹತ್ತಿರ ಹಿಡಿದಳು. ಹಳೆಯ ಚಾರ್ಜರಿನ ತಂತಿಯನ್ನೂ ಅದರ ಪಕ್ಕ ಹಿಡಿದು ನೋಡಿದಳು. ಚಾರ್ಜರಿನ ತಲೆ ಸಣ್ಣದು, ಈ ಕೇಬಲ್ಲಿನ ತಲೆ ದಪ್ಪ. ಕಾಜದ ಬಿಗಿಗೆ ಸಿಕ್ಕಿಕೊಂಡು ಇದು ಪೂರ್ತಿ ಒಳಗೆ ಕೂರುತ್ತಲೇ ಇರಲಿಲ್ಲ.

ಅಯ್ಯೋ, ಕೇಬಲ್ಲಿನ ತಪ್ಪಲ್ಲ, ಕಾಜದ್ದು! ಈ ಮನೆಯಲ್ಲಿ ಆ ಮಾತನ್ನು ಆಡುವುದು ಹೇಗೆ? ಆದರೆ ಕೋಟುಗಳೂ ಅವಳವೇ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಜ ಚಿಕ್ಕದಾಯ್ತು."

ಇಸ್ತ್ರಿ ಅಣ್ಣನ ಕೈ ನಿಂತಿತು. ಅತ್ತಿಗೆ ಕನ್ನಡಕ ಏರಿಸಿಕೊಂಡು ಬಂದರು. ಕೇಬಲ್ ತೂರಿಸಿ ನೋಡಿದರು, ತಿರುಗಿಸಿ ನೋಡಿದರು. ಅವರ ಮುಖ ಸಣ್ಣದಾಯಿತು.

"ಅಳತೆ ತಗೊಳ್ಳದೆ ಹೊಲಿದುಬಿಟ್ನಲ್ಲೇ" ಎಂದರು ಮೆಲ್ಲಗೆ. "ಬ್ಲೇಡು ಕೊಡು."

"ನಾನು ಬಿಚ್ಚಲಾ?"

"ನನ್ನ ಕಾಜ ನಾನೇ ಬಿಚ್ತೀನಿ. ನೀನು ದೂರ ನಿಲ್ಲು."

ಕಾಜದ ಎರಡೂ ತುದಿ ಕತ್ತರಿಸಿ, ದಾರ ಕಿತ್ತು, ಕೇಬಲ್ಲನ್ನು ತಾವೇ ಒಳಗೊತ್ತಿದರು. ಟಕ್ ಎಂದಿತು. ಚಾರ್ಜಿನ ಗುರುತು ಗಟ್ಟಿಯಾಗಿ ನಿಂತಿತು, ಗಾಜಿನ ಮೇಲೆ ಒಂದು ಪ್ರಶ್ನೆ ಬಂತು: ಬರೀ ಚಾರ್ಜ್ ಮಾಡಬೇಕೋ, ಫೈಲುಗಳನ್ನು ಕಳಿಸಬೇಕೋ?

"ಫೈಲು ಅನ್ನೋದನ್ನ ಒತ್ತಿ ಅತ್ತಿಗೆ."

ಅತ್ತಿಗೆ ಬೆರಳು ಸೆರಗಿಗೆ ಒರೆಸಿಕೊಂಡು ಒತ್ತಿದರು. ಕಂಪ್ಯೂಟರಿನಲ್ಲಿ ಟ್ಯಾಬ್ಲೆಟ್ಟಿನ ಹೆಸರು ಮೂಡಿತು. ನಾದಿನಿ ಅದನ್ನು ತೆರೆದು, ಚಿತ್ರಗಳನ್ನೆಲ್ಲ ಹಿಡಿದು ಕಂಪ್ಯೂಟರಿಗೆ ಎಳೆದುಹಾಕಿದಳು. ಒಂದೊಂದು ಗೆರೆಯೂ ಸ್ಪಷ್ಟವಾಗಿತ್ತು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೇಲ್ ಹೋಯಿತು, ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಫೋನ್ ಮಾಡಿದ. "ಚೆನ್ನಾಗಿದೆ ಕಣಮ್ಮ, ಬಟ್ಟೆ ಕತ್ತರಿಸಿ."

ನಾದಿನಿಗೆ ಕುಣಿಯುವಷ್ಟು ಖುಷಿಯಾಯಿತು. ಅತ್ತಿಗೆಯತ್ತ ತಿರುಗಿದರೆ, ಅವರು ಕೊರಳಿನ ಟೇಪು ತೆಗೆದು ಕೇಬಲ್ಲಿನ ತಲೆಯನ್ನು ಅಳೆಯುತ್ತಿದ್ದರು.

"ಅರ್ಧ ಇಂಚು. ಬರ್ಕೋ."

ಅವಳು ಅಟ್ಟದ ಕಡೆ ಕಣ್ಣು ಹಾಯಿಸಿದಳು. "ಪುಸ್ತಕ ಇಳಿಸಲಾ?"

"ಪುಸ್ತಕ ಯಾಕೆ?" ಎಂದು ಅತ್ತಿಗೆ ಸೂಜಿಗೆ ದಾರ ಪೋಣಿಸಿದರು. "ಹಲಗೇಲೇ ಬರಿ."