ಕಸ್ತೂರಿ ಗೆದ್ದ ಕಸಿ ಚಾಕು

ನಾನು ಒಂದು ಕಸಿ ಚಾಕು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯೊಂದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹಾವೇರಿಯ ಕಮ್ಮಾರನೊಬ್ಬ ನನ್ನನ್ನು ಮಾಡಿದ. ಅಷ್ಟು ಪೆಟ್ಟು ತಿಂದು ಹುಟ್ಟಿದ್ದಕ್ಕೋ ಏನೋ, ನೋವು ನಲಿವು ನನಗೆ ತಾಗುವುದೇ ಇಲ್ಲ. ಕತ್ತರಿಸು ಎಂದರೆ ಕತ್ತರಿಸುತ್ತೇನೆ.

ನನ್ನನ್ನು ಕೊಂಡವರು ಕೃಷಿ ಡಿಪ್ಲೊಮಾ ಶಾಲೆಯ ಮೇಷ್ಟ್ರು, ಅಂಗಡಿ ಸರ್. ಅವರು ಪಾಠ ಶುರುಮಾಡಿದರೆ ಹಿಂದಿನ ಬೆಂಚು ತೂಕಡಿಸುತ್ತಿತ್ತು, ಮುಂದಿನ ಬೆಂಚು ಆಕಳಿಸುತ್ತಿತ್ತು. ಬೇಸತ್ತ ಸರ್ ಒಂದು ದಿನ ನನ್ನನ್ನು ಮೇಜಿನ ಮೇಲಿಟ್ಟರು.

"ನಾಳೆ ಮಾವಿನ ಕಸಿ ಪೈಪೋಟಿ. ಯಾರು ಲಗೂನ ಕಟ್ತೀರಿ, ಅವರಿಗೆ ಈ ಚಾಕು. ಯಾರ ಕಸಿ ಹೆಚ್ಚು ಚಿಗೀತಾವ, ಅವರಿಗೆ ನಮ್ಮ ನರ್ಸರಿಯೊಳಗ ಕೆಲಸ."

ತರಗತಿಗೆ ತರಗತಿಯೇ ಎದ್ದು ಕೂತಿತು.

ಕಸ್ತೂರಿ, ಸಾವಂತ್ರಿ ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳತಿಯರು. ಕೆಲಸ ಇಬ್ಬರಿಗೂ ಬೇಕಿತ್ತು. ಸಿಗದಿದ್ದರೆ ಕಸ್ತೂರಿ ಊರಿಗೆ ಮರಳಿ ಅಕ್ಕನ ಮಕ್ಕಳನ್ನು ಆಡಿಸುತ್ತ ಕೂರಬೇಕಿತ್ತು.

ಪೈಪೋಟಿಯಲ್ಲಿ ಅವಳ ಕೈಗೆ ಪುರುಸೊತ್ತೇ ಇರಲಿಲ್ಲ. ಅವಸರದಲ್ಲಿ ಕೊಯ್ದ ಜಾಗಕ್ಕೆಲ್ಲ ಹೆಬ್ಬೆರಳು ತಾಗಿಸಿಬಿಟ್ಟಳು. ಬೆವರು ತಾಗಿದ ಕಸಿ ಕೂಡಿಕೊಳ್ಳುವುದು ಕಷ್ಟ. ಸಾವಂತ್ರಿ ನಿಧಾನಿ. ನೀರು ಇಳಿಯದಂತೆ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತುವವಳು ತರಗತಿಯಲ್ಲಿ ಆಕೆಯೊಬ್ಬಳೇ. ಮೊದಲು ಕಟ್ಟಿ ಮುಗಿಸಿದ್ದಕ್ಕೆ ಚಪ್ಪಾಳೆ ಕಸ್ತೂರಿಗೆ ಬಿತ್ತು, ನಾನು ಅವಳ ಪಾಲಾದೆ.

ಕೆಲವು ವಾರಗಳಲ್ಲಿ ಕಸ್ತೂರಿಯ ಕಸಿಗಳು ಕಪ್ಪಾಗಿ ಒಣಗಿದವು. ಸಾವಂತ್ರಿಯವು ಕೆಂಪಗೆ ಚಿಗುರಿದವು. ಎಣಿಕೆಯ ಹಿಂದಿನ ಸಂಜೆ ಕಸ್ತೂರಿ ನನ್ನನ್ನು ವೇಲಿನಲ್ಲಿ ಮುಚ್ಚಿಕೊಂಡು ನರ್ಸರಿಗೆ ಹೋದಳು. ತನ್ನ ಮತ್ತು ಸಾವಂತ್ರಿಯ ಗಿಡಗಳ ಹೆಸರಿನ ಚೀಟಿಗಳ ದಾರ ಕೊಯ್ದು, ಅದಲುಬದಲು ಮಾಡಿ ಕಟ್ಟಿದಳು. ಕೊಯ್ದದ್ದು ನಾನೇ. ನನಗೇನೂ ಅನಿಸಲಿಲ್ಲ.

ಮರುದಿನ ಸರ್ ಕಸ್ತೂರಿಯ ಹೆಸರಿದ್ದ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಪಟ್ಟಿಯ ಸುತ್ತು ನೋಡಿದರು.

"ಸಾವಂತ್ರಿ, ಇದು ನಿನ್ನ ಕಟ್ಟಿನಂಗ ಐತೆಲ್ಲಾ?"

ಸಾವಂತ್ರಿ ಗೆಳತಿಯ ಮುಖವನ್ನೇ ಬಹಳ ಹೊತ್ತು ನೋಡಿದಳು. ಕಸ್ತೂರಿ ತಲೆಯೆತ್ತಲಿಲ್ಲ.

"ಅಲ್ರೀ ಸರ್," ಎಂದಳು ಸಾವಂತ್ರಿ.

ಜಗಳವಾಗಲಿಲ್ಲ. ಅಂದಿನಿಂದ ಸಾವಂತ್ರಿ ಊಟಕ್ಕೆ ಬೇರೆ ತಟ್ಟೆ ತೆಗೆದುಕೊಂಡಳು, ಅಷ್ಟೇ.

ಕಸ್ತೂರಿಗೆ ಕೆಲಸ ಸಿಕ್ಕಿತು. ಮುಂದೆ ಅದೇ ಶಾಲೆಯಲ್ಲಿ ಮೇಡಂ ಆದಳು. ಕಸಿಗೆ ನನ್ನನ್ನು ಮತ್ತೆ ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಹಾಲಿನ ಪಾಕೀಟು ಕತ್ತರಿಸುತ್ತ, ತುಕ್ಕು ಹಿಡಿಯುತ್ತ ನಾನು ಮೊಂಡಾದೆ. ಮೊನ್ನೆ ಅವಳು ನಿವೃತ್ತಿಯಾಗಿ ಸಾಮಾನು ಕಟ್ಟುವಾಗ ನಾನು ಕೈಗೆ ಸಿಕ್ಕೆ. ಕಟ್ಟುವುದನ್ನು ಅಲ್ಲಿಗೇ ಬಿಟ್ಟಳು. ಆಮೇಲೆ ಅವರಿವರನ್ನು ಕೇಳಿ ನಂಬರು ಹುಡುಕಿ, ಸ್ಪೀಕರ್ ಹಾಕಿ ಫೋನು ಹಚ್ಚಿದಳು.

"ಸಾವಂತ್ರಿ, ನಾನಲೇ, ಕಸ್ತೂರಿ. ಆ ಕಸಿ ನಿನ್ನವು. ಚೀಟಿ ನಾನ ಬದಲಿ ಮಾಡಿದ್ದೆ."

"ಗೊತ್ತಿತ್ತವಾ. ನೀನ ಬಂದು ಹೇಳ್ತಿ ಅಂತ ಪರೀಕ್ಷೆ ಮುಗಿಯೂತನಕ ಕಾದೆ. ಆಮ್ಯಾಲೆ ಕಾಯೂದು ಬಿಟ್ಟೆ." ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೂ ಇರಲಿಲ್ಲ. "ಒಲಿ ಮ್ಯಾಲೆ ಹಾಲಿಟ್ಟೀನಿ, ಫೋನ್ ಇಡ್ಲೇನು?"

ಈಗ ನಾನು ಗುಜರಿ ಚೀಲದಲ್ಲಿದ್ದೇನೆ. ನಾನು ಕಬ್ಬಿಣ, ನನ್ನ ಮಾತು ಬಿಡಿ. ಕಸ್ತೂರಿ ಮಾತ್ರ ಬೈಗುಳಕ್ಕೆ ಕಾದು ಕೂತಿದ್ದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಬೈಯುವಷ್ಟು ಸಲಿಗೆಯೂ ಸಾವಂತ್ರಿಯಲ್ಲಿ ಉಳಿದಿರಲಿಲ್ಲ.