ಮೂರನೆಯ ಪೈಪು

ನನ್ನ ಗಂಡ ಎಲ್ರಾಯ್ ಒಳ್ಳೆಯ ಬಿಯರ್ ಮಾಡುತ್ತಾನೆ. ಕ್ಷಮೆ ಕೆಟ್ಟದಾಗಿ ಕೇಳುತ್ತಾನೆ. ಎರಡನೆಯದರ ವಿಷಯ ಹೇಳಬೇಕಾದರೆ ಮೊದಲನೆಯದರಿಂದಲೇ ಶುರು ಮಾಡಬೇಕು.

ನಮ್ಮ ಗ್ಯಾರೇಜಿನಲ್ಲಿ ಪೆಟ್ಟಿಗೆಯಂಥ ಉದ್ದನೆಯ ಫ್ರೀಜರ್ ಇದೆ. ಅದರೊಳಗೆ ಸ್ಟೀಲಿನ ಮೂರು ಪೀಪಾಯಿ, ಮೂರಕ್ಕೂ ತುದಿಯಲ್ಲಿ ಪ್ಲಾಸ್ಟಿಕ್ ನಲ್ಲಿಯಿರುವ ಒಂದೊಂದು ಪೈಪು, ಮೂಲೆಯಲ್ಲಿ ಗ್ಯಾಸಿನ ಸಿಲಿಂಡರ್. ಬಿಯರಿಗೆ ನೊರೆ ಕೊಡುವುದೂ ಅದನ್ನು ಗ್ಲಾಸಿಗೆ ದೂಡುವುದೂ ಆ ಗ್ಯಾಸೇ. ನಮ್ಮೂರು ಶೆಬಾಯ್ಗನ್‌ನಲ್ಲಿ ಗ್ಯಾರೇಜಿನ ಬಾಗಿಲು ತೆರೆದಿದ್ದರೆ ಅಕ್ಕಪಕ್ಕದವರು ಸೀದಾ ಒಳಗೆ ಬಂದು, ಮುಚ್ಚಳ ಎತ್ತಿ, ತಮಗೆ ಬೇಕಾದ್ದು ಹಿಡಿದುಕೊಂಡು ಹೋಗುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ.

ನನ್ನ ತಮ್ಮ ಕರ್ಟ್ ಈಸ್ಟರ್ ಕಳೆದ ಮೇಲೆ ಗ್ಯಾರೇಜಿನ ಮೇಲಿನ ಕೋಣೆಗೆ ಬಂದ. ಕುಡಿತ ಅವನ ಸಂಸಾರವನ್ನು ನುಂಗಿತ್ತು. ಬಂದ ದಿನದಿಂದ ಒಂದು ಹನಿ ಮುಟ್ಟಿರಲಿಲ್ಲ. ಹಗಲು ಮರದ ಡಿಪೋದಲ್ಲಿ ದುಡಿತ, ಮಂಗಳವಾರ ಸಂಜೆ ಕುಡಿತ ಬಿಟ್ಟವರ ಸಭೆಗೆ ಚರ್ಚಿನ ನೆಲಮಾಳಿಗೆ. ಆಗಲೇ ನಾನು ಎಲ್ರಾಯ್‌ಗೆ ಹೇಳಿದ್ದೆ, ಒಂದು ಪೀಪಾಯಿಗೆ ರೂಟ್ ಬಿಯರ್ ತುಂಬಿಸು ಎಂದು. ಅದು ಹೆಸರಿಗಷ್ಟೇ ಬಿಯರ್. ಬೇರು ತೊಗಟೆಯ ಘಮದ ಸಿಹಿ ನೀರು, ಮಕ್ಕಳೂ ಕುಡಿಯುತ್ತಾರೆ.

"ನಿಂಗೆ ತಲೆ ಕೆಟ್ಟಿದ್ಯಾ ಆರ್ಡಿಸ್? ಆ ವಾಸನೆ ಒಂದ್ಸಲ ಪೈಪಿಗೆ ಹತ್ತಿದ್ರೆ ಜನ್ಮಕ್ಕೂ ಹೋಗಲ್ಲ. ಆಮೇಲೆ ಅದ್ರಲ್ಲಿ ಬಿಯರ್ ಹರಿಸೋ ಹಾಗೇ ಇಲ್ಲ. ನಾನು ಸತ್ಮೇಲೆ ಏನಾದ್ರೂ ಮಾಡ್ಕೋ," ಎಂದಿದ್ದ.

ಚಳಿ ಶುರುವಾದಾಗ ಗ್ಯಾಸ್ ಖಾಲಿಯಾಗತೊಡಗಿತು. ತಿಂಗಳುಗಟ್ಟಲೆ ಬರಬೇಕಾದ ಸಿಲಿಂಡರ್ ವಾರಕ್ಕೇ ಬರಿದು. ಎಲ್ರಾಯ್ ಮುಚ್ಚಳ ತೆರೆದು, ಪೈಪು ಸೇರುವ ಕಡೆಗೆಲ್ಲ ಸೋಪಿನ ನೀರು ಸಿಂಪಡಿಸಿ, ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು ಕಾದ. ಒಂದು ಗುಳ್ಳೆಯೂ ಏಳಲಿಲ್ಲ.

"ಸೋರ್ತಿಲ್ಲ. ಹಾಗಾದ್ರೆ ಯಾರೋ ಕುಡೀತಿದಾರೆ. ಬಿಯರ್ ಇಳಿದ ಹಾಗೆ ಗ್ಯಾಸೂ ಇಳಿಯುತ್ತೆ," ಎಂದ ಊಟದ ಹೊತ್ತಿಗೆ.

"ಬೀದಿಯೆಲ್ಲಾ ಬಂದು ಕುಡಿಯುತ್ತೆ. ಇವತ್ತು ನಿನ್ನೆಯದಾ?"

"ಬೀದಿ ಹಳೇದು. ಮನೇಲಿ ಹೊಸಬ ಒಬ್ನೇ."

ನನಗೆ ಮೈಯೆಲ್ಲ ಉರಿಯಿತು. ಆಲೂಗಡ್ಡೆಯ ಬಟ್ಟಲನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋದೆ. ಅದಕ್ಕೆಲ್ಲ ಬಗ್ಗುವ ಆಸಾಮಿಯಲ್ಲ ಅವನು. ಮರುದಿನ ಫ್ರೀಜರಿಗೆ ಕೊಂಡಿ ಹೊಡೆದು, ಮುಚ್ಚಳ ಅದುಮಿ, ಬೀಗ ಜಡಿದ. ನಮ್ಮ ಬೀದಿಯಲ್ಲಿ ಬಿಯರಿಗೆ ಬೀಗ ಬಿದ್ದದ್ದನ್ನು ನಾನಂತೂ ಕಂಡಿರಲಿಲ್ಲ.

ಸಂಜೆ ಕರ್ಟ್ ಕೆಲಸದಿಂದ ಬಂದವನು ಬೀಗದ ಮುಂದೆ ನಿಂತ.

"ಇದು ನಂಗಾ, ಆರ್ಡಿ?"

ನಾನು ಸುಳ್ಳು ಹೇಳಬೇಕಿತ್ತು.

"ಕುಡೀತಿದ್ದಾಗ ಕಳ್ಳ ಅಂದ್ರು, ಸರಿ, ಕದ್ದಿದ್ದೆ. ಈಗ ಕುಡೀದೇ ಇದ್ರೂ ಹಾಗೇ ಅನ್ನಿಸ್ಕೊಂಡ್ರೆ, ಕುಡಿಯೋದೇ ವಾಸಿ ಅನ್ಸೋಕೆ ಶುರುವಾಗುತ್ತೆ. ಹಾಗನ್ಸೋಕೆ ಮುಂಚೆ ಹೋಗ್ತೀನಿ ಕಣೆ," ಎಂದ.

ಹತ್ತಿರದ ಊರು ಮ್ಯಾನಿಟೊವಾಕ್‌ನಲ್ಲಿ ಯಾರದೋ ಕೋಣೆ ಖಾಲಿಯಿತ್ತಂತೆ, ಮುಂದಿನ ಭಾನುವಾರದಿಂದ. ಅಲ್ಲಿ ಅವನು ಒಬ್ಬನೇ ಇರುತ್ತಾನೆ, ಕೆಳಗಡೆಯೇ ಬಾರು. ಎಲ್ರಾಯ್ ಜೊತೆ ಮಾತು ಬಿಟ್ಟೆ. ಊಟ ಹಾಕಿದೆ, ಮಾತು ಹಾಕಲಿಲ್ಲ.

ಶನಿವಾರ ಬೆಳಗ್ಗೆ ಎಲ್ರಾಯ್ ಬೀಗ ತೆರೆದು ಗ್ಲಾಸು ಹಿಡಿದ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ನೋಡಲು ಒಳಗೆ ಬಗ್ಗಿದವನು ಮೂಗು ಹಿಡಿದುಕೊಂಡು ಹಿಂದೆ ಸರಿದ. ಫ್ರೀಜರಿನ ತುಂಬ ಗ್ಯಾಸ್ ನಿಂತು ಮೂಗಿಗೆ ಚುರ್ರೆಂದು ಇರಿದಿತ್ತು. ಪೀಪಾಯಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಬೀಗ ಹಾಕಿದ ದಿನ ಎಷ್ಟು ಭಾರವಿದ್ದವೋ ಅಷ್ಟೇ ಇದ್ದವು. ಬೀಗದ ಕೈ ವಾರವಿಡೀ ಅವನ ಜೇಬಿನಲ್ಲೇ ಇತ್ತು.

"ಬೀಗವೇ ಕುಡಿದಿರ್ಬೇಕು ಬಿಡು," ಎಂದೆ. ವಾರದಲ್ಲಿ ನಾನಾಡಿದ ಮೊದಲ ಮಾತು ಅದು.

ಅವನ ಕಿವಿ ಕೆಂಪಾಯಿತು. ಬೆಸುಗೆ ಅಂಗಡಿಗೆ ಹೋಗಿ ಸಿಲಿಂಡರ್ ತುಂಬಿಸಿ ತಂದು, ಮತ್ತೆ ಸೋಪಿನ ನೀರು ಸಿಂಪಡಿಸಿದ. ಮತ್ತೆ ಗುಳ್ಳೆಯಿಲ್ಲ. ಕರ್ಟ್ ಅಂಗಳದಲ್ಲಿ ತನ್ನ ಟ್ರಕ್ಕಿಗೆ ಚೀಲ ಹಾಕುತ್ತಿದ್ದ. ಎಲ್ರಾಯ್ ಅವನನ್ನು ಕರೆಯಲಿಲ್ಲ, ಆದರೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ಅವನಿಗೆ ಕೇಳುವಷ್ಟು ಜೋರಾಗಿ ಬೈದುಕೊಂಡ. ಕರ್ಟ್ ಬಂದ. ಸ್ವಲ್ಪ ಹೊತ್ತು ಸಿಲಿಂಡರನ್ನೇ ನೋಡಿದ.

"ಮುಚ್ಚಳ ತೆಗೆದು ಹುಡುಕ್ತಿದ್ಯಲ್ಲ ಮಾರಾಯ. ಸೋರಿದ್ದು ಬೀಗ ಹಾಕಿದ್ದಾಗ ತಾನೇ?"

"ಮುಚ್ಚಿಬಿಟ್ರೆ ಒಳಗೆ ಕೂತು ನೋಡೋರು ಯಾರು? ನಿಮ್ಮಕ್ಕನ್ನ ಕೂರಿಸ್ಲಾ?"

ಕರ್ಟ್ ತನ್ನ ಫೋನಿನ ದೀಪ ಹಚ್ಚಿ, ವೀಡಿಯೊ ಚಾಲೂ ಮಾಡಿ, ಪೀಪಾಯಿಗೆ ಒರಗಿಸಿಟ್ಟು ಮುಚ್ಚಳ ಅದುಮಿದ. ಆಮೇಲೆ ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಮುಚ್ಚಳ ಬಂದು ರೆಗ್ಯುಲೇಟರಿನ ನೆತ್ತಿಗೆ ಕೂತಿತು, ರೆಗ್ಯುಲೇಟರ್ ಕೂದಲೆಳೆಯಷ್ಟು ವಾಲಿತು, ಅದು ಸಿಲಿಂಡರಿಗೆ ಕೂಡುವಲ್ಲಿ ಬಿಳಿ ನೊರೆ ಬುಸುಬುಸು ಉಬ್ಬಿತು.

"ಈ ಸಿಲಿಂಡರ್ ಯಾವಾಗ ತಂದೆ?" ಎಂದು ಕರ್ಟ್ ಕೇಳಿದ.

ಎಲ್ರಾಯ್ ಕನ್ನಡಕ ಒರೆಸತೊಡಗಿದ. ನಾನು ಹೇಳಿದೆ. ಚಳಿಗೆ ಮುಂಚೆ ಯಾರದೋ ಮನೆ ಖಾಲಿ ಮಾಡುವಾಗ ಅಗ್ಗಕ್ಕೆ ಸಿಕ್ಕಿತೆಂದು, ಪದೇ ಪದೇ ತುಂಬಿಸುವುದು ತಪ್ಪುತ್ತದೆಂದು, ಹಳೆಯದಕ್ಕಿಂತ ಎತ್ತರದ್ದನ್ನು ತಂದು ಕೂರಿಸಿದ್ದ. ಜಿಪುಣತನ ನಮ್ಮೂರಿನವರಿಗೆ ಹುಟ್ಟುಗುಣ. ಮುಚ್ಚಳ ಅದರ ಮೇಲೆ ಭಾರ ಹೇರಿತು, ಬೀಗ ಇನ್ನಷ್ಟು ಹೇರಿತು.

ಕರ್ಟ್ ನಗಲಿಲ್ಲ. ನಗುವ ಹಕ್ಕು ಅವನಿಗಿತ್ತು. ಡಿಪೋದಿಂದ ಹಲಗೆ ತಂದು, ಫ್ರೀಜರಿನ ಬಾಯಿಗೆ ಸರಿಯಾಗಿ ಮರದ ಚೌಕಟ್ಟು ಕೂಡಿಸಿ, ಮುಚ್ಚಳವನ್ನು ಒಂದು ಗೇಣು ಮೇಲೆತ್ತಿದ. ಎಲ್ರಾಯ್ ನಜ್ಜುಗುಜ್ಜಾದ ವಾಷರ್ ಬದಲಿಸಿ, ಪೈಪುಗಳಿಗೆ ಗ್ಯಾಸ್ ತುಂಬಿ, ಸಿಲಿಂಡರಿನ ತಿರುಪು ಮುಚ್ಚಿದ. ಸೋರಿದರೆ ಮುಳ್ಳು ಇಳಿಯಬೇಕು. ಊಟವಾಗಿ ಬಂದು ನೋಡಿದರೂ ಮುಳ್ಳು ಇದ್ದಲ್ಲೇ ಇತ್ತು.

"ಸರಿ ಹೋಯ್ತು," ಎಂದ ಎಲ್ರಾಯ್.

"ಒಳ್ಳೇದಾಯ್ತು," ಎಂದ ಕರ್ಟ್.

ಅಷ್ಟೇ. ಚೀಲ ಟ್ರಕ್ಕಿನಲ್ಲೇ ಉಳಿಯಿತು. ಗಂಡಸರ ಈ ಎರಡು ಪದಗಳ ನಡುವೆ ಒಂದು ಕ್ಷಮೆ ತೂರಿಸಲು ಜಾಗವಿರಲಿಲ್ಲವೇ ಎಂದು ನನಗೆ ಅಳು ಬಂತು. ಅದೇ ಸಂಜೆ ಎಲ್ರಾಯ್ ಒಂದು ಪೀಪಾಯಿಯ ಬಿಯರನ್ನೆಲ್ಲ ಹೂಜಿಗಳಿಗೆ ಸುರಿದು ಅಕ್ಕಪಕ್ಕಕ್ಕೆ ಹಂಚಿ ಬಂದ. ಆಮೇಲೆ ಗ್ಯಾರೇಜಿನಲ್ಲಿ ಅದನ್ನು ತೊಳೆಯುವ, ಉರುಳಿಸುವ ಸದ್ದು. ನಾನು ಕೇಳಲು ಹೋಗಲಿಲ್ಲ, ಅಷ್ಟು ಸಿಟ್ಟಿತ್ತು.

ಭಾನುವಾರ ಫುಟ್‌ಬಾಲ್ ಪಂದ್ಯಕ್ಕೆ ಬೀದಿಯವರು ಸೇರಿದರು. ಎಲ್ರಾಯ್ ಕೆಂಡದ ಮೇಲೆ ಸಾಸೇಜು ಸುಡುತ್ತಿದ್ದ. ಕರ್ಟ್ ಟ್ರಕ್ಕಿನ ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡೇ ನಿಂತಿದ್ದ, ಒಂದು ತಿಂದು ಹೊರಡುತ್ತೇನೆ ಎಂದು. ಎದುರು ಮನೆಯ ಹಾರ್ವ್ ಯಥಾಪ್ರಕಾರ ಫ್ರೀಜರಿನ ಮುಚ್ಚಳ ಎತ್ತಿ ಮೂರನೆಯ ಪೈಪಿಗೆ ಕೈ ಹಾಕಿದ.

"ಹಾರ್ವ್, ಅದನ್ನ ಮುಟ್ಬೇಡ," ಎಂದು ಎಲ್ರಾಯ್ ಒಲೆಯ ಕಡೆಯಿಂದಲೇ ಕೂಗಿದ.

"ಯಾಕೆ? ಏನಿದೆ ಅದ್ರಲ್ಲಿ?"

"ರೂಟ್ ಬಿಯರ್. ಕರ್ಟ್‌ದು ಅದು. ಬೇಕಾದ್ರೆ ಅವನನ್ನ ಕೇಳಿ ಹಿಡ್ಕೋ."

ಕರ್ಟ್ ತಿರುಗಿ ನೋಡಿದ. "ಪೈಪು ಹಾಳಾಯ್ತಲ್ಲೋ ಎಲ್ರಾಯ್. ಇನ್ನು ಅದ್ರಲ್ಲಿ ಬಿಯರ್ ಬರಲ್ಲ."

"ಗೊತ್ತು," ಎಂದ ನನ್ನ ಗಂಡ, ಸಾಸೇಜು ಮಗುಚುತ್ತ. ತಲೆ ಎತ್ತಲಿಲ್ಲ.

ಹಾರ್ವ್ ಗ್ಲಾಸು ಹಿಡಿದು ಕಾಯುತ್ತಿದ್ದ. ಕರ್ಟ್ ಅವನತ್ತ ತಿರುಗಿದ.

"ಹಿಡ್ಕೋ ಹಾರ್ವ್. ನಂಗೂ ಒಂದು ಕೊಡು."

ನಾನು ಅವನ ಬೆರಳಿನಿಂದ ಟ್ರಕ್ಕಿನ ಬೀಗದ ಕೈ ಬಿಡಿಸಿಕೊಂಡು, ಚೀಲ ಮತ್ತೆ ಒಳಗೆ ತರಲು ಹೋದೆ.