ರೂಬೆನ್ ಸರ್ ಹುಡುಗರು

ಪ್ರತಿ ಫೆಬ್ರವರಿಯಲ್ಲಿ ರೂಬೆನ್ ಸರ್ ನೆನಪಿಗೆ ನಾವು ಫುಟ್‌ಬಾಲ್ ಆಡುತ್ತೇವೆ. ಮಂಗಳೂರಿನ ಕಾಲೇಜಿನಲ್ಲಿ ಅವರ ಕೈಕೆಳಗೆ ಆಡಿದವರು ಈಗ ಏಳು ಜನ ಸಿಡ್ನಿ, ಏಳು ಜನ ಮೆಲ್ಬರ್ನ್. ಎಲ್ಲರಿಗೂ ಐವತ್ತು ದಾಟಿದೆ.

ಸರ್ ಸತ್ತು ಹನ್ನೊಂದು ವರ್ಷವಾಯಿತು. ಅವರ ನಿಯಮ ಸತ್ತಿಲ್ಲ. ಮೈದಾನದಲ್ಲಿ ಬಿದ್ದವನನ್ನು ಯಾರೂ ಮುಟ್ಟಬಾರದು. ಉಳಿದವರು ಕೈ ಹಿಂದೆ ಕಟ್ಟಿ ನಿಲ್ಲಬೇಕು, ಅವನು ತಾನೇ ಏಳಬೇಕು. ಕಾಲೇಜಿನಲ್ಲಿ ನನ್ನ ಮೊಣಕಾಲು ತಿರುಚಿದಾಗ ನಾನೂ ಹಾಗೇ ಎದ್ದೆ. ಆ ವರ್ಷ ಯೂನಿವರ್ಸಿಟಿ ಕಪ್ ಗೆದ್ದೆವು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ಕುಂಟುತ್ತೇನೆ. ಆದರೂ ಆ ಕತೆಯನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ, ದಡ್ಡ.

ಈ ಸಲ ಆಟ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ಬೆಳಿಗ್ಗೆ ಹನ್ನೊಂದಕ್ಕೇ ಮೂವತ್ತೆಂಟು ಡಿಗ್ರಿ. ಎಲ್ಲೋ ಕಾಡು ಉರಿಯುವ ವಾಸನೆ. ಮೆಲ್ಬರ್ನ್ ಕ್ಯಾಪ್ಟನ್ ಕ್ಲಿಫರ್ಡ್‌ನ ಹೆಂಡತಿ ವಿಯೋಲಾ ನನ್ನನ್ನು ಪಕ್ಕಕ್ಕೆ ಕರೆದಳು.

“ಶಶಿ, ಇವರಿಗೆ ನವೆಂಬರಲ್ಲಿ ಎರಡು ಸ್ಟೆಂಟ್ ಹಾಕಿದ್ದಾರೆ. ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಿ ಮುಚ್ಚಿಸಿದ್ರು. ನೀವಾದ್ರೂ ಆಡ್ಬೇಡಿ ಅಂತ ಹೇಳಿ.”

ಹೋಗಿ ಹೇಳಿದೆ. ಕ್ಲಿಫರ್ಡ್ ಬೂಟಿನ ಲೇಸ್ ಕಟ್ಟುತ್ತಾ ನಕ್ಕ.

“ಎಂತ ಮಾರಾಯ, ಸಿಡ್ನಿಯಲ್ಲಿ ಏಸಿ ಕೆಳಗೆ ಕೂತು ಮೆತ್ತಗಾದ್ಯಾ? ಸೋಲ್ತೇನೆ ಅಂತ ಹೆದ್ರಿಕೆಯಾ?”

“ಹೃದಯ ರಿಪೇರಿ ಮಾಡಿಸ್ಕೊಂಡು ಓಡ್ತಾರೇನೋ ಬೇವರ್ಸಿ?”

“ಸರ್ ಇದ್ದಿದ್ರೆ ಈ ಮಾತಿಗೆ ನಿನ್ನ ಕೆನ್ನೆಗೆ ಎರಡು ಬಿಡ್ತಿದ್ರು.”

ನನಗೆ ಸಿಟ್ಟು ನೆತ್ತಿಗೇರಿತು. “ಸಾಯಿ ಹಾಗಾದ್ರೆ” ಎಂದು ಬಂದುಬಿಟ್ಟೆ. ಉಳಿದವರಿಗೆ ಹೇಳಲಿಲ್ಲ.

ಎರಡನೇ ಅರ್ಧದಲ್ಲಿ ಚೆಂಡು ಆ ಕಡೆ ಇದ್ದಾಗ ಕ್ಲಿಫರ್ಡ್ ಈ ಕಡೆ ಮೊಣಕಾಲೂರಿದ. ಆಮೇಲೆ ಮುಖ ಕೆಳಗಾಗಿ ಬಿದ್ದ. ಅವನ ಹತ್ತಿರ ಯಾರೂ ಇರಲಿಲ್ಲ, ಯಾರೂ ತಾಗಿರಲಿಲ್ಲ. ಆಟ ನಿಂತಿತು. ಹದಿಮೂರು ಜನ ಕೈ ಹಿಂದೆ ಕಟ್ಟಿ ನಿಂತೆವು.

“ಏಳು ಕ್ಲಿಫ್! ಮನೆಗೆ ಹೋಗಿ ಮಲಗು!” ಯಾರೋ ಕೂಗಿದರು. ನಗು ಎದ್ದಿತು.

ಅವನ ಬೆರಳು ಒಮ್ಮೆ ಹುಲ್ಲು ಕೆರೆಯಿತು. ಮತ್ತೆ ಕೆರೆಯಲಿಲ್ಲ. ನಗು ತಾನಾಗಿ ನಿಂತಿತು. ಆದರೂ ಒಬ್ಬನೂ ಕದಲಲಿಲ್ಲ. ಸ್ಟೆಂಟಿನ ವಿಷಯ ಅಲ್ಲಿ ಗೊತ್ತಿದ್ದವನು ನಾನೊಬ್ಬ. ನಾನೂ ನಿಂತೇ ಇದ್ದೆ. ಈಗ ಏಳುತ್ತಾನೆ, ಇನ್ನೊಂದು ಕ್ಷಣಕ್ಕೆ ಏಳುತ್ತಾನೆ ಎಂದುಕೊಳ್ಳುತ್ತಿದ್ದೆ.

ಕಾರ್ ನಿಲ್ಲಿಸಿದ ಕಡೆ ವಿಯೋಲಾ ಜೊತೆ ಇದ್ದ ಅವನ ಮಗಳು ಶೆರ್ಲಿನ್ ಮೊದಲು ಕಂಡು ಓಡಿಬಂದಳು. “ವೈ ಆರ್ ಯೂ ಆಲ್ ಜಸ್ಟ್ ಸ್ಟ್ಯಾಂಡಿಂಗ್ ದೇರ್?” ಎಂದು ಕಿರುಚಿ, ಅಪ್ಪನನ್ನು ಹೊರಳಿಸಿ ಎದೆ ಒತ್ತತೊಡಗಿದಳು. ಆಮೇಲೆ ಒಬ್ಬ ಫೋನ್ ತೆಗೆದ.

ಬಿದ್ದ ಮೇಲೆ ಎದೆ ಒತ್ತುವವರೆಗೆ ಎಷ್ಟು ಹೊತ್ತಾಯಿತು ಎಂದು ಆಂಬುಲೆನ್ಸಿನವಳು ಕೇಳಿದಳು.

“ನಾಲ್ಕು ನಿಮಿಷ” ಎಂದೆ.

ವಿಯೋಲಾ ನನ್ನತ್ತ ತಿರುಗಿದಳು. “ನಿಮಗೆ ಗೊತ್ತಿತ್ತಲ್ಲ, ಶಶಿ.”

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಮಿದುಳಿಗೆ ಬಹಳ ಹೊತ್ತು ರಕ್ತ ಹೋಗಿಲ್ಲ, ಎಚ್ಚರವಾಗುವ ಭರವಸೆ ಇಟ್ಟುಕೊಳ್ಳಬೇಡಿ ಎಂದರು.

ವಾಟ್ಸಾಪ್ ಗ್ರೂಪ್ ನೋಡಿದೆ. “ಕ್ಲಿಫ್ ಏಳ್ತಾನೆ. ರೂಬೆನ್ ಸರ್ ಹುಡುಗ ಅವನು.” ಅದಕ್ಕೆ ಹನ್ನೊಂದು ಹೆಬ್ಬೆರಳು. ಕೆಳಗೆ ಇನ್ನೊಂದು: “ನೆಕ್ಸ್ಟ್ ಇಯರ್ ಸಿಡ್ನಿ. ಗ್ರೌಂಡ್ ಬುಕ್ ಮಾಡಿದ್ದೇನೆ.”

ನಾನು ಬರೆದೆ: “ಅವನು ಏಳುವುದಿಲ್ಲ. ನಾವು ನಿಂತು ನೋಡಿದೆವು. ಈ ಆಟ ನಿಲ್ಲಿಸಿ.”

ಒಬ್ಬೊಬ್ಬರಾಗಿ ಎಲ್ಲರೂ ಓದಿದ್ದು ಕಾಣಿಸಿತು. ಐದು ನಿಮಿಷದಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದರು.